ಕೊನೆಯ ದೃಶ್ಯಕ್ಕೆ ಮೈಕ್ ಇರಲಿಲ್ಲ

ಠಾಣೆಯ ಸಾಹೇಬರು ನನ್ನ ನಾಟಕದ ಕೊನೆಯ ದೃಶ್ಯವನ್ನು ಎರಡು ಸಲ ಓದಿದರು. ನಾನು ಮೇಜಿನ ಮುಂದೆ ಕೈಕಟ್ಟಿ ನಿಂತು ಅವರ ಹುಬ್ಬನ್ನೇ ನೋಡುತ್ತಿದ್ದೆ. ಗ್ರಾಮ ಪಂಚಾಯಿತಿ ಚುನಾವಣೆಯ ನೀತಿ ಸಂಹಿತೆ ಜಾರಿಯಾಗಿತ್ತು. ಹಳ್ಳಿಯಲ್ಲಿ ನಾಟಕ ಆಡಬೇಕೆಂದರೆ ತಹಶೀಲ್ದಾರರ ಪರವಾನಗಿ ಬೇಕು, ಅದಕ್ಕೂ ಮೊದಲು ಠಾಣೆಯವರು ಓದಿ ಅಡ್ಡಿಯಿಲ್ಲ ಎನ್ನಬೇಕು.

"ಸಾಬ್ರ, ಈ ಹೆಣ್ಮಗಳು ಯಾರ್ರಿ? ನಾಮಪತ್ರ ಹಾಕ್ತಾಳಲ್ಲ, ಈಕಿ?" ಎಂದು ಕೇಳಿದರು.

"ಯಾರೂ ಇಲ್ರಿ. ಊರ ಹೆಸರು ಸುಳ್ಳ, ಆಕಿ ಹೆಸರೂ ಸುಳ್ಳ."

"ಸುಳ್ಳಂತ ನೀವು ಹೇಳ್ತೀರಿ. ಓದಿದ್ರ ಖರೇ ಅನಸ್ತದಲ್ರಿ," ಎಂದು ನಕ್ಕರು. ಪಕ್ಷದ ಹೆಸರು, ಚಿಹ್ನೆ, ಬದುಕಿರುವವರ ಹೆಸರು ಬರಕೂಡದು, ಭಾಷಣ ಕೂಡದು, ರಾತ್ರಿ ಹತ್ತಕ್ಕೆ ಮೈಕ್ ಬಂದ್ ಆಗಬೇಕು. ಇಷ್ಟು ಷರತ್ತು ಹಾಕಿ ಪುಟಪುಟಕ್ಕೂ ಠಸ್ಸೆ ಒತ್ತಿಸಿ ಕೊಟ್ಟರು. ಒಂದು ಸಾಲಿಗೂ ಕೆಂಪು ಗೆರೆ ಎಳೆಯಲಿಲ್ಲ. ನಾನು ಹೆದರಿದ್ದೆಲ್ಲ ಠಾಣೆಗೇ. ಹೊರಗೆ ಬಂದು ಸೋಡಾ ಕುಡಿದು, ಇನ್ನೇನು ಗೆದ್ದೆ ಎಂದುಕೊಂಡೆ. ಎಂಥ ಹುಚ್ಚು!

ನಾನು ಅಫಜಲಪುರದಲ್ಲಿದ್ದು ಕಲಬುರಗಿಯ ಒಂದು ಪತ್ರಿಕೆಗೆ ಸುದ್ದಿ ಕಳಿಸುವವನು. ಉಳಿದ ಹೊತ್ತಿನಲ್ಲಿ ಹಳ್ಳಿಯ ತಂಡಗಳಿಗೆ ನಾಟಕ ಬರೆದು ಕಲಿಸುತ್ತೇನೆ. ಈಗ ಹೇಳುತ್ತಿರುವ ಊರು ಭೀಮಾ ದಂಡೆಯಲ್ಲಿದೆ, ಸೊನ್ನ ಬ್ಯಾರೇಜಿನಿಂದ ಕೆಳಗೆ. ಅಲ್ಲಿ ಪಂಚಾಯಿತಿಗೆ ಜನ ಓಟು ಹಾಕಿದ್ದು ಯಾವ ಕಾಲದಲ್ಲೋ. ಚುನಾವಣೆ ಬಂದಾಗ ಹಿರಿಯರು ಗುಡಿ ಕಟ್ಟೆಯ ಮೇಲೆ ಕೂಡುತ್ತಾರೆ. ಯಾರು ಮೆಂಬರ್ ಎಂದು ತಮ್ಮತಮ್ಮಲ್ಲೇ ಮಾತಾಡಿ ಅವರ ಕೈಗೊಂದು ತೆಂಗಿನಕಾಯಿ ಕೊಡುತ್ತಾರೆ. ಕಾಯಿ ಸಿಕ್ಕವರು ನಾಮಪತ್ರ ಹಾಕಬೇಕು. ಬೇರೆ ಯಾರಾದರೂ ಹಾಕಿದ್ದರೆ ವಾಪಸ್ ತೆಗೆದುಕೊಳ್ಳಬೇಕು. ಅವಿರೋಧ ಆಯ್ಕೆ, ಊರಿಗೆ ಊರೇ ಒಂದು ಎಂದು ಡಂಗುರ. ಕಾಯಿ ಕೊಡುವವರು ಪಂಚಾಯಿತಿಯ ಮಾಜಿ ಅಧ್ಯಕ್ಷರು. ಅವರನ್ನು ಊರೆಲ್ಲ ಮಾಜಿ ಎಂದೇ ಕರೆಯುತ್ತದೆ, ಆದರೆ ಅವರು ಅಧಿಕಾರ ಬಿಟ್ಟ ದಿನವನ್ನು ನಾನಂತೂ ಕಂಡಿಲ್ಲ.

ಇದನ್ನೇ ಸುದ್ದಿ ಮಾಡಿ ಕಳಿಸಿದ್ದೆ. ಒಂದು ಊರಿನ ಜನರ ಓಟನ್ನು ನಾಲ್ಕು ಮಂದಿ ಕಟ್ಟೆಯ ಮೇಲೆ ನುಂಗುತ್ತಿದ್ದಾರೆ ಎಂದು ನೇರವಾಗಿ ಬರೆದಿದ್ದೆ. ಮರುದಿನ ಪತ್ರಿಕೆಯಲ್ಲಿ ಬಂದ ತಲೆಬರಹ: ‘ಒಮ್ಮತಕ್ಕೆ ಹೆಸರಾದ ಮಾದರಿ ಗ್ರಾಮ’. ಕೆಳಗೆ ನನ್ನದೇ ಹೆಸರು! ಫೋನ್ ಮಾಡಿ ರೇಗಿದೆ. ಆ ಕಡೆಯಿಂದ ಸಂಪಾದಕರು ಬಹಳ ಶಾಂತವಾಗಿ, "ಪಾಸಿಟಿವ್ ಆಗಿ ಯೋಚನೆ ಮಾಡ್ರಿ. ಜಗಳ ಇಲ್ಲದ ಊರು ಅಂದ್ರೆ ಸುದ್ದಿ ಅಲ್ವಾ?" ಎಂದರು. ಮೈ ಉರಿದುಹೋಯಿತು. ಪತ್ರಿಕೆಯಲ್ಲಿ ಆಗದ್ದನ್ನು ಪರದೆ ಕಟ್ಟಿ ಆಡುತ್ತೇನೆ ಎಂದು ಆವತ್ತೇ ಬರೆಯಲು ಕೂತೆ. ಆ ಊರಲ್ಲಿ ವರ್ಷಕ್ಕೊಂದು ನಾಟಕ ಆಗಲೇಬೇಕು, ಅದನ್ನು ಬರೆದು ಕಲಿಸುವವನು ನಾನೇ.

ಬರೆಯುತ್ತಿರುವಾಗಲೇ ನನ್ನ ನಾಟಕದ ಹೆಣ್ಣುಮಗಳು ಖುದ್ದು ಎದುರಿಗೆ ಬಂದಳು. ಆ ಊರಿನ ಕೆಳಗಿನ ಓಣಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಮಗಳನ್ನು ಸಾಕುತ್ತಿರುವವಳು. ಓಣಿಯ ಸೀಟು ಈ ಸಲ ಮಹಿಳೆಗೆ ಮೀಸಲಾಗಿತ್ತು. ಕಟ್ಟೆಯವರನ್ನು ಕೇಳದೆ ನಾಮಪತ್ರ ಹಾಕಿಬಿಟ್ಟಿದ್ದಳು.

"ಅಣ್ಣಾರ, ವಾಪಸ್ ತಗೋ ಅಂತ ದಿನಾ ಮನಿಗಿ ಮಂದಿ ಬರಾಕತ್ತಾರ. ರವಿಕಿ ಹೊಲಿಯಾಕ ಕೊಟ್ಟ ಅರಬಿನೂ ಹೊಳ್ಳಿ ತಗೊಂಡು ಹೋಗ್ಯಾರ," ಎಂದಳು. "ನಾ ಒಬ್ಬಾಕಿ ಎಷ್ಟಂತ ತಡೀಲ್ರಿ? ಓಣಿ ಮಂದಿ ಯಾರರ ನಾಕು ಮಂದಿ ಹಿಂದ ನಿಂತ್ರ ನಿಲ್ತೇನಿ. ಇಲ್ಲಂದ್ರ ಕಡೀ ದಿನ ಹೋಗಿ ಸಹಿ ಮಾಡಿ ಬರ್ತೇನಿ."

ಅಲ್ಲಿಗೆ ನನ್ನ ಕೆಲಸ ಗಟ್ಟಿಯಾಯಿತು. ನಾಮಪತ್ರ ವಾಪಸಾತಿಯ ಹಿಂದಿನ ದಿನ ಸಂಜೆಗೆ ನಾಟಕ ಇಟ್ಟೆವು. ಅದರ ಕೊನೆಯ ದೃಶ್ಯ ಓಣಿಯವರ ಕಿವಿಗೆ ಬಿದ್ದರೆ ಅವಳು ನಿಲ್ಲುತ್ತಾಳೆ, ಊರು ಓಟು ಹಾಕುತ್ತದೆ. ಬೀಳದಿದ್ದರೆ ಇನ್ನೊಂದು ಸಲ ಕಾಯಿಯೇ ಗತಿ.

ಇನ್ನು ನನ್ನ ಹುಡುಗತನದ ದೋಸ್ತನ ಮಾತು. ಅವನೂ ಅದೇ ಕೆಳಗಿನ ಓಣಿಯವನು, ಬಸ್ ನಿಲ್ಲುವಲ್ಲಿ ಚಹಾದ ಹೋಟೆಲ್ ಇಟ್ಟಿದ್ದಾನೆ. ನನ್ನ ಮೊದಲನೇ ನಾಟಕದಿಂದ ಇವತ್ತಿನವರೆಗೂ ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು ನಟರಿಗೆ ಮಾತು ಹೇಳಿಕೊಡುವವನು ಅವನೇ. ಪ್ರಾಂಪ್ಟರ್ ಎಂದರೆ ಊರವರು ತಿಳಿದಷ್ಟು ಹಗುರವಲ್ಲ. ನಮ್ಮ ಹಳ್ಳಿ ನಟರಿಗೆ ಅರ್ಧ ಮಾತು ಬಾಯಿಪಾಠ ಬರುವುದಿಲ್ಲ. ಹೆಣ್ಣುಪಾತ್ರಕ್ಕೆ ಕೂಲಿ ಕೊಟ್ಟು ಕರೆಸುವ ಕಲಾವಿದೆಯಂತೂ ಆಟದ ದಿನವೇ ಬಂದು ಇಳಿಯುತ್ತಾಳೆ, ನಾಟಕ ಓದಿಯೇ ಇರುವುದಿಲ್ಲ. ಅವಳಿಗೆ ಸಾಲಿನ ಮೊದಲ ಮೂರು ಶಬ್ದ ಕೊಟ್ಟು ಸುಮ್ಮನಾಗಬೇಕು. ಮೇಲೆ ತೂಗುಬಿಟ್ಟ ಮೈಕಿಗೆ ಕೇಳದಂತೆ, ಅವಳ ಕಿವಿಗೆ ಮಾತ್ರ ಬೀಳುವಂತೆ ಹೇಳಬೇಕು. ಅಳುವ ಮಾತಾದರೆ ಅಳು ಮುಗಿಯುವ ತನಕ ಕಾಯಬೇಕು. ಪರದೆ ಏಳಿಸುವ, ಬೀಳಿಸುವ ಸೀಟಿಯೂ ಅವನ ಬಾಯಲ್ಲೇ. ಅವನು ಸೀಟಿ ಊದಿದನೆಂದರೆ ರಾಜನಿದ್ದರೂ ಮಾತು ನಿಲ್ಲಿಸಿ ಒಳಗೆ ಬರಬೇಕು. ಹಿಂದೊಮ್ಮೆ ಕಟ್ಟೆಯ ಮೇಲೆ ಯಾರೋ "ಸಾಬರಿಗಿ ನಮ್ಮೂರ ನಾಟಕದ ಉಸಾಬರಿ ಯಾಕ?" ಎಂದಾಗ, "ಸಾಬ ಬರೀದಿದ್ರ ನಿಮ್ಮೂರಾಗ ನಾಟಕ ಎಲ್ಲಿಂದ ಬರ್ತಿತ್ತಲೇ?" ಎಂದು ಮೈಮೇಲೆ ಹೋದವನು ಅವನು. ಅಂಥವನನ್ನು ನಂಬದೆ ಇನ್ಯಾರನ್ನು ನಂಬಲಿ?

ತಾಲೀಮು ಶಾಲೆಯ ಅಂಗಳದಲ್ಲಿ ನಡೆಯಿತು. ಒಂದೊಂದೇ ವಿಘ್ನ. ನಾಯಕನ ಪಾತ್ರದ ಟ್ರ್ಯಾಕ್ಟರ್ ಡ್ರೈವರ್‌ಗೆ ಮಾಲೀಕರು ಇದ್ದಕ್ಕಿದ್ದಂತೆ ಕಬ್ಬಿನ ಬಾಡಿಗೆ ಹಚ್ಚಿದರು, ಅವನು ಮಾಯವಾದ. ಗೋಡೆ ಕಟ್ಟುವ ಗೌಂಡಿಯೊಬ್ಬನನ್ನು ಹಿಡಿದು ತಂದು ಎರಡು ಸಂಜೆಯಲ್ಲಿ ತಿದ್ದಿದೆವು. ಅಧಿಕಾರಿಯ ಪಾತ್ರದ ಕಿರಾಣಿ ಅಂಗಡಿಯವನು ನಾಮಪತ್ರದ ದೃಶ್ಯ ಬಂದಾಗಲೆಲ್ಲ ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ಅವನ ಮಾತನ್ನೆಲ್ಲ ನನ್ನ ದೋಸ್ತನೇ ಹೇಳಿ ತಾಲೀಮು ಸಾಗಿಸಿದ. ಒಂದು ಸಂಜೆ ಮಾಜಿ ಸ್ವತಃ ಬಂದರು. ಆಟ ನಿಲ್ಲಿಸುತ್ತಾರೆ ಎಂದುಕೊಂಡೆ. ಅವರೋ ಎಲ್ಲರಿಗೂ ಚಹಾ, ಖಾರಾ ತರಿಸಿ, "ಛಲೋ ಮಾಡ್ರಿ ಸಾಬ್ರ. ಕಲೆ ಉಳೀಬೇಕು. ಕರೆಂಟ್ ನಮ್ಮ ಮನಿಯಿಂದ ತಗೋರಿ," ಎಂದು ಬೆನ್ನು ತಟ್ಟಿ ಹೋದರು. ಮನುಷ್ಯ ಬದಲಾಗಿದ್ದಾನಲ್ಲ ಎಂದೆ. ದೋಸ್ತ ಪುಸ್ತಕದಿಂದ ತಲೆ ಎತ್ತದೆ ಹೂಂ ಎಂದ.

ಆಟದ ದಿನ ಆಳಂದದಿಂದ ರಂಗಸಜ್ಜಿಕೆಯ ಟೆಂಪೊ ಬಂತು. ಕಲಾವಿದೆ ಜೇವರ್ಗಿ ಕಡೆ ಆಟ ಮುಗಿಸಿ, ಕಣ್ಣಿಗೆ ಹಚ್ಚಿದ ಕಾಡಿಗೆಯನ್ನೂ ಸರಿಯಾಗಿ ಒರೆಸಿಕೊಳ್ಳದೆ ಬಸ್ಸಿನಿಂದ ಇಳಿದಳು. ಗಟ್ಟಿ ಮೈಕಟ್ಟಿನ ಹೆಂಗಸು, ಗಡಸು ದನಿ. ನಾಟಕದ ಹೆಸರನ್ನೂ ಕೇಳಲಿಲ್ಲ. "ಹಾಡು ಎಷ್ಟ್ರಿ? ಅಳೂದು ಎಲ್ಲಿ? ಸೀರಿ ಎಷ್ಟ್ ಸಲ ಬದಲ್ಸೂದು?" ಎಂದು ಮೂರೇ ಪ್ರಶ್ನೆ ಕೇಳಿ ಮಲಗಿಬಿಟ್ಟಳು. ಹೊತ್ತು ಮುಳುಗುತ್ತಿದ್ದಂತೆ ಶುರು ಮಾಡಿದೆವು. ಹತ್ತರೊಳಗೆ ಮುಗಿಯಬೇಕೆಂದು ಎರಡು ಹಾಡು ಕಡಿಮೆ ಮಾಡಿ, ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಅಂಗಳ ತುಂಬಿತ್ತು. ಹೆಂಗಸರ ನಡುವೆ ಹೊಲಿಗೆಯವಳು ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೂತಿದ್ದಳು.

ಮೊದಲ ದೃಶ್ಯಕ್ಕೇ ಆಯೇರಿ ಬಂತು. ನಮ್ಮ ಕಡೆ ನಾಟಕದಲ್ಲಿ ಆಯೇರಿ ಎಂದರೆ ಉಡುಗೊರೆ. ಪಾತ್ರ ಮೆಚ್ಚಿದವರು ಟವೆಲ್ಲೋ ಹಾರವೋ ಕಾಯಿಯೋ ಕೊಡುತ್ತಾರೆ. ಆಗ ಆಟ ನಿಲ್ಲಬೇಕು, ಸೀಟಿ ಬೀಳಬೇಕು, ಕೊಟ್ಟವರ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಮೈಕಿನಲ್ಲಿ ಕೂಗಬೇಕು, ನಟ ಕೈಮುಗಿಯಬೇಕು. ಬೇಡ ಎಂದರೆ ಕೊಟ್ಟವರ ಇಜ್ಜತ್ ಹೋಗುತ್ತದೆ. ನನಗೆ ಖುಷಿಯೇ ಆಯಿತು. ಎರಡನೇ ದೃಶ್ಯಕ್ಕೆ ಮತ್ತೆ ಆಯೇರಿ. ಮೂರನೆಯದಕ್ಕೆ ಸಾಲುಸಾಲು. ಬಾಯಿ ತೆಗೆಯದ ಪೊಲೀಸ್ ಪೇದೆಯ ಪಾತ್ರಕ್ಕೂ ಹಾರ! ಗೌಂಡಿಯ ಕೊರಳಲ್ಲಿ ಟವೆಲ್ಲಿನ ರಾಶಿ ಬಿದ್ದು ಅವನಿಗೆ ಕತ್ತು ತಿರುಗಿಸಲಾಗದಾಯಿತು. ಮಂದಿ ನಗುತ್ತಿದ್ದರು, ನಾನೂ ನಕ್ಕೆ. ಆಮೇಲೆ ಗಡಿಯಾರ ನೋಡಿಕೊಂಡೆ. ಮೈಕಿನ ಪಕ್ಕ ಮಾಜಿಯ ಆಳು ನಿಂತು ಹೆಸರುಗಳನ್ನು ಒಂದಾದ ಮೇಲೊಂದು ಹೇಳುತ್ತಿದ್ದ. ಕೊಟ್ಟವರೆಲ್ಲ ಕಟ್ಟೆಯ ಕಡೆಯವರೇ. ಪಕ್ಕದ ಪರದೆಗೆ ಓಡಿ, "ಆಯೇರಿ ಸಾಕು, ಸೀನ್ ಬಿಡು," ಎಂದು ದೋಸ್ತನ ಕಿವಿಯಲ್ಲಿ ಹೇಳಿದೆ. ಹೂಂ ಎಂದ. ಮತ್ತೆ ಸೀಟಿ ಊದಿದ, ಮತ್ತೊಂದು ಹೆಸರು ಕೂಗಿದರು.

ಕೊನೆಯ ದೃಶ್ಯಕ್ಕೆ ಬಂದಾಗ ಹತ್ತಕ್ಕೆ ಸ್ವಲ್ಪವೇ ಉಳಿದಿತ್ತು. ಕಲಾವಿದೆ ರಂಗದ ಮಧ್ಯಕ್ಕೆ ಹೋಗಿ ನಿಂತು ಮಾತಿಗಾಗಿ ಪಕ್ಕಕ್ಕೆ ಕಿವಿ ಕೊಟ್ಟಳು. ಮಾತು ಬರಲಿಲ್ಲ. ಉದ್ದನೆಯ ಸೀಟಿ ಬಂತು. ಪರದೆ ದಬಕ್ಕನೆ ಬಿತ್ತು. ಹಾರ್ಮೋನಿಯಂ ಪೇಟಿಯವರು ಏನೂ ತಿಳಿಯದೆ ಮಂಗಳದ ಹಾಡು ಎತ್ತಿಕೊಂಡರು. ಮೈಕ್ ಬಂದ್ ಆಯಿತು. ಮಂದಿ ಚಾಪೆ ಮಡಚತೊಡಗಿದರು.

ನಾನು ದೋಸ್ತನ ತೋಳು ಹಿಡಿದು ಹಿಂದಕ್ಕೆ ಎಳೆದೆ.

"ಸೀಟಿ ಯಾಕ ಊದಿದಿ?"

"ಟೈಮ್ ಆಯ್ತಲ್ಲ ಸಾಬ. ಪರವಾನಗಿ ನೀನ ತಂದಿ, ಓದಿಲ್ಲೇನು?"

"ನನ್ನ ಮಾರಿ ನೋಡಿ ಹೇಳು."

ಅವನು ನೋಡಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಒತ್ತಿಕೊಂಡು ನೆಲ ನೋಡುತ್ತ ಹೇಳಿದ: "ಕಾಯಿ ನನ್ನ ಸೊಸಿಗಿ ಕೊಟ್ಟಾರ."

ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ನನಗೆ ಹೇಳದೆ ಅವನು ಸೊಸೆಯ ನಾಮಪತ್ರವನ್ನೂ ಹಾಕಿಸಿದ್ದ. ಹೊಲಿಗೆಯವಳು ವಾಪಸ್ ತೆಗೆದುಕೊಂಡರೆ ಅವಳೇ ಅವಿರೋಧ. "ಯಾವಾಗ?" ಎಂದೆ.

"ತಾಲೀಮಿನ ಎರಡನೇ ದಿನ."

"ಅಂದ್ರ ಇಷ್ಟು ದಿನ ನನ್ನ ಜೋಡಿ ಕೂತು ಆ ಸೀನ್ ಕಲಿಸಿದಿ? ಇವತ್ತು ನುಂಗಬೇಕಂತ ಗೊತ್ತಿದ್ದೂ?"

ಆಗ ತಲೆ ಎತ್ತಿದ. ಅವನಿಗೂ ಸಿಟ್ಟು ಬಂದಿತ್ತು. "ಮಾಜಿ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡು ನಿಂತಾಂವ ನಾನು. ಅದೇ ಮನ್ಯಾಗ ಕುರ್ಚಿ ಹಾಕಿ ಕೂಡಿಸಿ ನನ್ನ ಸೊಸಿಗಿ ಕಾಯಿ ಕೊಟ್ಟಾರ. ಬ್ಯಾಡನ್ಲೇನು? ನೀ ನಾಟಕ ಬರ್ದು ಬಸ್ ಹತ್ತಾಂವ, ಸಾಬ. ನಾ ಇದೇ ಊರಾಗ ಇರಾಂವ."

ನನಗೆ ಅಳು ಬಂತು. ಪೊಲೀಸರು ಓದಿ ಬಿಟ್ಟುಕೊಟ್ಟ ದೃಶ್ಯ! ಅದನ್ನು ನನ್ನವನೇ, ನನ್ನ ಅಕ್ಷರವನ್ನು ನನಗಿಂತ ಚೆನ್ನಾಗಿ ಓದುವವನೇ, ನುಂಗಿ ನನ್ನ ಕತ್ತು ಕೊಯ್ದಿದ್ದ. ಅಷ್ಟರಲ್ಲಿ ಹಿಂದಿನಿಂದ ಕಲಾವಿದೆ ಕೂಗಿದಳು: "ಏನ್ರಿ ಮಾಸ್ತರ, ಬಣ್ಣ ಅಳಿಸ್ಲೋ ಬ್ಯಾಡೋ?"

ಪರವಾನಗಿಯಲ್ಲಿ ಹತ್ತಕ್ಕೆ ಬಂದ್ ಆಗಬೇಕು ಎಂದು ಬರೆದದ್ದು ಮೈಕ್. ನಾಟಕ ಬಂದ್ ಆಗಬೇಕು ಎಂದು ಎಲ್ಲೂ ಇರಲಿಲ್ಲ. ಅದು ತಲೆಗೆ ಹೊಳೆದದ್ದೇ, "ಬ್ಯಾಡ. ಇನ್ನೊಂದು ಸೀನ್ ಅದ," ಎಂದೆ.

"ಮೈಕ್ ಇಲ್ಲಲ್ರಿ?"

"ಇಲ್ಲ."

"ಮಾತು ಯಾರು ಹೇಳ್ತಾರ?"

"ನಾ ಹೇಳ್ತೇನಿ."

ಅವಳು ಸೆರಗು ಸಿಕ್ಕಿಸಿಕೊಂಡಳು. "ನಮ್ಮವ್ವ ಮೈಕ್ ಇಲ್ದ ಆಡಿದಾಕಿ. ನಡೀರಿ."

ದೋಸ್ತನ ಕಂಕುಳಿನ ಪುಸ್ತಕವನ್ನು ನಾನು ಕೇಳಲಿಲ್ಲ. ಬರೆದವನು ನಾನು, ಮರೆಯುತ್ತೇನೆಯೇ? ಪರದೆ ಎತ್ತುವವನು ಹಗ್ಗ ಮುಟ್ಟಲು ಹೆದರಿದ, ಅವಳು ಪರದೆ ಸರಿಸಿಕೊಂಡು ಮುಂದೆ ಬಂದು ನಿಂತಳು. ಕಿರಾಣಿಯವನು ಮೀಸೆ ಕಿತ್ತು ಮನೆ ಸೇರಿದ್ದ, ಅವನ ಮಾತನ್ನೂ ಪಕ್ಕದಿಂದ ನಾನೇ ಕೂಗಿದೆ. ಹೊರಟವರು ತಿರುಗಿ ನೋಡಿದರು. ಕೆಲವರು ನಿಂತರು, ಮುಂದಿನ ಸಾಲಿನ ಹೆಂಗಸರು ಚಾಪೆ ಮತ್ತೆ ಬಿಡಿಸಿದರು. ದೃಶ್ಯ ಸಣ್ಣದು. ನಾಮಪತ್ರ ಹಿಡಿದು ಬಂದವಳಿಗೆ ಅಧಿಕಾರಿ, ನಿನ್ನ ಹಿಂದೆ ಯಾರಿದ್ದಾರೆ ಎಂದು ಕೇಳುತ್ತಾನೆ. ಅವಳು ಮಂದಿಯ ಕಡೆ ತಿರುಗಿ, "ನನ್ನ ಹಿಂದ ಯಾರೂ ಇಲ್ರಿ. ನನ್ನ ಮುಂದ ಇವರು ಅದಾರ. ಇವರನ್ನ ಕೇಳ್ರಿ," ಎನ್ನುತ್ತಾಳೆ. ಕಲಾವಿದೆ ಅದನ್ನು ಅಂಗಳದ ಕೊನೆಗೆ ಮುಟ್ಟುವಂತೆ ಹೇಳಿದಳು. ಮಂದಿ ಚಪ್ಪಾಳೆ ತಟ್ಟಲಿಲ್ಲ. ಹೊಲಿಗೆಯವಳು ಮಗಳನ್ನು ಎತ್ತಿಕೊಂಡು ನನ್ನ ಕಡೆ ನೋಡದೆ ಕತ್ತಲಲ್ಲಿ ಹೊರಟುಹೋದಳು. ಎಲ್ಲ ನೀರಲ್ಲಿ ಹೋಮವಾಯಿತು ಎಂದುಕೊಂಡೆ.

ಮರುದಿನ ಪಂಚಾಯಿತಿ ಕಚೇರಿಯ ಮುಂದೆ ಸುದ್ದಿಗಾಗಿ ಹೋಗಿ ಕೂತೆ. ವಾಪಸ್ ತೆಗೆದುಕೊಳ್ಳಲು ಮಧ್ಯಾಹ್ನ ಮೂರರವರೆಗೆ ಅವಕಾಶ. ಮಾಜಿಯ ಜೀಪು ಬಂತು, ದೋಸ್ತ ಇಳಿದ. ಹೊಲಿಗೆಯವಳು ಇರಲಿಲ್ಲ. ಜೀಪು ಊರಿಗೆ ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ದೋಸ್ತ ನನ್ನ ಹತ್ತಿರವೇ ಬಂದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು.

"ಆಕಿನ್ನ ಎಲ್ಲಿ ಬಚ್ಚಿಟ್ಟೀಯೋ ಹೇಳು ಸಾಬ. ಮನಿಗಿ ಕೀಲಿ ಹಾಕ್ಯದ."

ನನಗೆ ಖರೇ ಗೊತ್ತಿರಲಿಲ್ಲ. ಹಾಗೆಂದರೆ ಅವನು ನಂಬಲಿಲ್ಲ. ನನ್ನ ಮಾತನ್ನು ಅವನು ನಂಬದೇ ಹೋದದ್ದು ಅದೇ ಮೊದಲು. ಮೂರಾಯಿತು. ಅಧಿಕಾರಿ ಬಾಗಿಲಿಗೆ ಬಂದು ಸಮಯ ಮುಗಿಯಿತು ಎಂದರು. ಮಾಜಿ ಜೀಪಿನ ಬಾಗಿಲು ದಡಾರನೆ ಹಾಕಿದರು. ಆಗ ನನ್ನ ಫೋನ್ ಬಡಿಯಿತು.

"ಅಣ್ಣಾರ, ಮೂರು ಹೊಡೀತೇನ್ರಿ?"

"ಎಲ್ಲಿ ಅದೀಯವ್ವಾ ನೀನು?"

"ಕಿಣ್ಣಿ ಸುಲ್ತಾನದಾಗ, ನಮ್ಮವ್ವನ ಮನ್ಯಾಗ. ನಸುಕಿನ ಬಸ್ಸಿಗಿ ಬಂದೇನಿ. ರಾತ್ರಿ ಓಣಿಯಾನ ಮೂರು ಮಂದಿ ಹೆಂಗಸ್ರು ಮನಿಗಿ ಬಂದು, ನೀ ಓಡಿ ಹೋಗು, ನಾವು ಓಟು ಹಾಕ್ತೇವಿ ಅಂದ್ರು."

ಕಚೇರಿಯ ಮುಂದೆ ನಿಂತು ಹುಚ್ಚನ ಹಾಗೆ ನಕ್ಕೆ. ಆ ಊರಿನಲ್ಲಿ ಮತದಾನ ನಡೆಯಿತು, ಕೆಳಗಿನ ಓಣಿಯೊಂದಕ್ಕೆ ಮಾತ್ರ. ಇದ್ದಬದ್ದ ಮುದುಕಿಯರೆಲ್ಲ ಹೊಸ ಸೀರೆ ಉಟ್ಟು ಸಾಲಿನಲ್ಲಿ ನಿಂತರು. ಹೊಲಿಗೆಯವಳು ಗೆದ್ದಳು. ದೋಸ್ತ ಆವತ್ತು ಹೋಟೆಲ್ ತೆರೆಯಲಿಲ್ಲ. ಅವನ ಸೊಸೆಯದೇನು ತಪ್ಪು, ಪಾಪ, ಆ ಹುಡುಗಿಯನ್ನು ಯಾರೂ ಕೇಳಿಯೂ ಇರಲಿಲ್ಲ. ಗೆದ್ದ ಖುಷಿಯಲ್ಲೂ ನಾನು ಅವನ ಮುಚ್ಚಿದ ಬಾಗಿಲಿನ ಮುಂದೆ ಹೋಗಿ ನಿಂತೆ. ಆದರೂ ಬಾಗಿಲು ತಟ್ಟಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಪಂಚಾಯಿತಿಗೆ ಬೇರೆ ಊರುಗಳೂ ಸೇರಿದ್ದವು. ಅಲ್ಲಿ ಗೆದ್ದವರು ಮಾಜಿಯ ವಿರುದ್ಧ ಗುಂಪು ಕಟ್ಟಿದರು. ಅಧ್ಯಕ್ಷರ ಆಯ್ಕೆಗೆ ಎರಡೂ ಕಡೆ ಸಮಸಮ. ಹೊಲಿಗೆಯವಳ ಓಟು ಬಿದ್ದ ಕಡೆ ಗೆಲುವು. ನಾನು ಆರಾಮಾಗಿದ್ದೆ. ಕೇಳುವುದೇನಿದೆ ಎಂದುಕೊಂಡಿದ್ದೆ. ಆಯ್ಕೆಯ ದಿನ ಮಾಜಿಯ ಕಡೆಯವರು ಗುಲಾಲು ಎರಚುತ್ತ ಹೊರಬಂದರು.

ನೇರ ಅವಳ ಮನೆಗೆ ಹೋದೆ. ಮಷಿನ್ ತುಳಿಯುತ್ತಿದ್ದಳು. ಪಕ್ಕದಲ್ಲಿ ಹೊಲಿಯಲು ಬಂದ ಬಟ್ಟೆಯ ರಾಶಿ.

"ನಿನ್ನ ಓಟು ಯಾರಿಗಿ ಹಾಕಿದಿ?"

"ಮಾಜಿ ಕಡಿಗಿ, ಅಣ್ಣಾರ." ಮುಚ್ಚಿಡಲಿಲ್ಲ. "ಓಣಿಗಿ ನಳ ಬಂದಾವ, ನೋಡಿದ್ರೇನು? ಮೊದಲ ನಳ, ಆಮ್ಯಾಲ ಓಟು ಅಂದೆ. ಎಂಟು ದಿನದಾಗ ಪೈಪ್ ಹಾಕಿಸಿದ್ರು."

"ಯಾರ ವಿರುದ್ಧ ನಿಂತಿದ್ದಿ ನೀನು? ಮರ್ತಿ?" ನನ್ನ ದನಿ ಏರಿತು. "ನಿನ್ನ ಸಲುವಾಗಿ ನಾ ಹುಡುಗತನದ ದೋಸ್ತನ್ನ ಕಳಕೊಂಡೇನಿ. ನಿನಗ ಓಟು ಹಾಕಿದ ಹೆಂಗಸ್ರಿಗಿ ಏನ್ ಹೇಳ್ತಿ?"

ಅವಳು ಗಾಲಿಗೆ ಕೈ ಹಚ್ಚಿ ಮಷಿನ್ ನಿಲ್ಲಿಸಿದಳು. "ಅವರು ನಳಕ್ಕ ಕೊಡ ಹಿಡದಾರ್ರಿ. ಅವರನ್ನ ಕೇಳೇ ಹಾಕೇನಿ." ಆಮೇಲೆ ಮೆಲ್ಲಗೆ ಅಂದಳು: "ಸಿಟ್ಟಾಗಬ್ಯಾಡ್ರಿ ಅಣ್ಣಾರ. ಇಷ್ಟು ದಿನ ಮಾಜಿ ಹೇಳ್ದಂಗ ಕೇಳಿದ್ವಿ. ಇನ್ನ ನೀವು ಹೇಳ್ದಂಗ ಕೇಳಬೇಕೇನ್ರಿ?"

ಮೋಸಗಾರ್ತಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಿಟ್ಟು ಬಂದಿತ್ತು, ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲವೆಂದು ಇನ್ನಷ್ಟು ಬಂತು. ಅವಳು ಸ್ಟೂಲಿನ ಮೇಲಿನ ಬಟ್ಟೆ ತೆಗೆದು ಕೂಡ್ರಿ ಎಂದಳು. ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ. ಹಿಂದೆ ಮಷಿನ್ ಮತ್ತೆ ಶುರುವಾಯಿತು.